ರಾಣಿಯ ಕುಪ್ಪಸ

ಕಣ್ಣಿನ ಆಸ್ಪತ್ರೆಯಲ್ಲಿ ಕಾಯುವುದು ಎಂಥ ಕೆಲಸವೆಂದು ನಿಮಗೂ ಗೊತ್ತಿರಬಹುದು. ಕೈಯಲ್ಲಿ ಪುಸ್ತಕವಿದ್ದರೂ ಓದುವಂತಿಲ್ಲ, ಇನ್ನೇನು ಹನಿ ಹಾಕುತ್ತಾರೆ. ಹೋದ ವಾರ ಹಾಸನದಲ್ಲಿ ಹಾಗೆ ಕೂತಿದ್ದಾಗ ಎದುರು ಗೋಡೆಯ ಟೀವಿಯಲ್ಲಿ ಯಾವುದೋ ಪರದೇಶದ ಸಿನಿಮಾ ಬರುತ್ತಿತ್ತು. ಸದ್ದು ನಿಲ್ಲಿಸಿದ್ದರು. ದೊಡ್ಡ ಕೋಣೆ, ಉರಿಯುವ ಮೇಣದಬತ್ತಿಗಳು, ನೆಲ ಗುಡಿಸುವಷ್ಟು ಉದ್ದದ ಲಂಗ ತೊಟ್ಟ ಒಬ್ಬ ಹೆಂಗಸು. ಅವಳು ಬಾಯಿ ಅಗಲಿಸಿ ಹಾಡುತ್ತಲೇ ಇದ್ದಳು.

ಪಕ್ಕದಲ್ಲಿದ್ದ ಅಜ್ಜಿ ನನ್ನ ಮೊಣಕೈ ತಿವಿದರು. "ಅದ್ಯಾಕವ್ವ ಹಂಗ್ ಬಾಯ್ ಬುಡ್ತಾಳೆ? ಹಲ್ ನೋವಾ?"

"ಒಪೆರಾ ಕಣಜ್ಜಿ. ಮಾತೇ ಇಲ್ಲ, ಎಲ್ಲಾ ಹಾಡೇ. ಅಂಥ ನಾಟಕಾನ ಸಿನಿಮಾ ಮಾಡಿದ್ದಾರೆ."

"ಓ, ನಮ್ ಬಯ್ಲಾಟ ಇದ್ದಂಗೆ," ಎಂದು ಅಜ್ಜಿ ಸಮಾಧಾನವಾಗಿ ಕಣ್ಣು ಮುಚ್ಚಿಕೊಂಡರು.

ನಾನು ಮಾತ್ರ ಕಣ್ಣು ಮುಚ್ಚಲಿಲ್ಲ. ಆ ಹೆಂಗಸಿನ ಕತ್ತನ್ನೇ ನೋಡುತ್ತಿದ್ದೆ. ಅಷ್ಟು ದೊಡ್ಡ ಬಾಯಿ ತೆರೆದರೂ ಗಂಟಲಲ್ಲಿ ಒಂದು ನರ ಏಳುತ್ತಿರಲಿಲ್ಲ, ಕುತ್ತಿಗೆಯ ಕುಳಿ ಮಿಡಿಯುತ್ತಿರಲಿಲ್ಲ. ಇವಳು ಹಾಡುತ್ತಿಲ್ಲ, ಬೇರೆ ಯಾರದೋ ಗಂಟಲಿಗೆ ಮುಖ ಕೊಟ್ಟಿದ್ದಾಳೆ ಎಂದು ತಕ್ಷಣ ಗೊತ್ತಾಯಿತು. ಯಾಕೆಂದರೆ ಆ ಕೆಲಸವನ್ನು ನಾನೂ ಒಮ್ಮೆ ಮಾಡಿದ್ದೇನೆ. ಬಹಳ ಹೊತ್ತಲ್ಲ, ಹತ್ತು ಹನ್ನೆರಡು ಸೆಕೆಂಡು. ಮಾಡಬಾರದಿತ್ತು ಎಂದು ಇಪ್ಪತ್ತು ವರ್ಷಕ್ಕೂ ಮೇಲಿಂದ ಅನ್ನಿಸುತ್ತಲೇ ಇದೆ.

ಒಪೆರಾ ಅನ್ನುವ ಪದ ನಾನು ಮೊದಲು ಕೇಳಿದ್ದು ಘಟ್ಟದ ಕೆಳಗಿನ ಕಾನ್ವೆಂಟಿನಲ್ಲಿ. ಸಂಗೀತದ ಸಿಸ್ಟರ್ ಹಳೆಯ ಗ್ರಾಮಫೋನಿಗೆ ಕೀ ಕೊಟ್ಟು, ಇದರಲ್ಲಿ ರಾಜನಿಗೆ ಬಾಯಾರಿದರೆ ನೀರನ್ನೂ ಹಾಡಿಯೇ ಕೇಳುತ್ತಾನೆ ಎಂದು ಹೇಳಿದ್ದರು. ಆ ಮಧ್ಯಾಹ್ನ ನಾವು ಹುಡುಗಿಯರು ಊಟದ ಮನೆಯಲ್ಲಿ ಸಾರನ್ನು ಹಾಡಿ ಕೇಳಿ, ಸಾರಿನ ಬದಲು ಬೈಗುಳ ಬಡಿಸಿಕೊಂಡೆವು. ಅದೇ ಸಿಸ್ಟರ್ ಕಾಯರ್‌ನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಹಾಡುವಾಗ ಮೊಣಕೈ ಸೊಂಟ ಬಿಡಬಾರದು ಎಂದು ಕಲಿಸಿದರು. ಕೈಯಲ್ಲಿ ಹಾಡುವುದು ಬೀದಿಯವರ ಪದ್ಧತಿಯಂತೆ. ನಾನು ಹೇಳಿದ್ದು ಕೇಳುವ ಹುಡುಗಿ. ಮೊಣಕೈ ಹಾಗೇ ಇಟ್ಟುಕೊಂಡು ಪಾಸಾದೆ, ಹಾಗೇ ಮದುವೆಯಾದೆ, ಹಾಗೇ ಬಾಳ್ಳುಪೇಟೆ ದಾಟಿ ಎಡಕ್ಕೆ ಒಳಗೆ ನಾಲ್ಕು ಮೈಲಿ ದೂರದ ಈ ಕಾಫಿ ತೋಟಕ್ಕೆ ಬಂದೆ.

ಬಂದ ವರ್ಷವೇ, ಕಾಫಿ ಕುಯ್ಲು ಮುಗಿದ ಮೇಲೆ, ನಮ್ಮ ಕಣದಲ್ಲಿ ಬಯಲಾಟ ಕಟ್ಟಿದರು. ಕಣವೆಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಅದರ ಒಂದು ತುದಿಯಲ್ಲಿ ಚಪ್ಪರ, ಇನ್ನೊಂದು ತುದಿಯಲ್ಲಿ ನಾವು. ಭಾಗವತರು ತಾಳ ಹಾಕಿದರು, ಮುಖವೀಣೆ ಅನ್ನುವ ಗೇಣುದ್ದದ ಓಲಗ ಕಿವಿ ಕೊರೆಯುವ ಹಾಗೆ ಎದ್ದಿತು, ರಾಜ ಬಂದು ನೀರು ಕೇಳಿದ. ಹಾಡಿಯೇ ಕೇಳಿದ! ಪಕ್ಕದಲ್ಲಿ ಕೂತಿದ್ದ ಯಜಮಾನರಿಗೆ "ರೀ, ಇದು ಒಪೆರಾ ಕಣ್ರೀ" ಎಂದೆ. ಅವರು "ಯಾರ ಪೈಕಿ?" ಎಂದರು.

ಆ ಆಟದಲ್ಲಿ ರಾಣಿಯಾಗುತ್ತಿದ್ದವರು ರಂಗಪ್ಪ. ಬಾಳ್ಳುಪೇಟೆಯ ಹೈವೇ ಪಕ್ಕದಲ್ಲಿ ಅವರದೊಂದು ಟೈಲರ್ ಅಂಗಡಿ. ಲಾರಿ ಹೋದಾಗಲೆಲ್ಲ ಕತ್ತರಿ ತಾನೇ ಮೇಜಿನ ಮೇಲೆ ಸರಿಯುತ್ತಿತ್ತು. ಸುತ್ತಿನ ತೋಟದ ಹೆಂಗಸರ ರವಿಕೆಗಳೆಲ್ಲ ಅವರವೇ. ಸ್ತ್ರೀಪಾರ್ಟಿಗೋಸ್ಕರ ಮೀಸೆ ಬಿಟ್ಟಿರಲಿಲ್ಲ. "ಏನ್ ರಂಗಕ್ಕ, ಚೆನ್ನಾಗಿದ್ದೀಯಾ" ಎಂದು ಬಸ್ ಸ್ಟಾಂಡಿನ ಗಂಡಸರು ರೇಗಿಸಿದರೆ, "ಚೆನ್ನಾಗಿವ್ನಿ ಕಣಪ್ಪ, ನಿನ್ ಹೆಂಡ್ರು ಅಳ್ತೆ ಕೊಟ್ ಹೋಗವ್ಳೆ, ನಿಂದೂ ಕೊಡ್ತೀಯಾ?" ಎಂದು ಟೇಪು ಹಿಡಿದು ಎದ್ದು ಬರುತ್ತಿದ್ದರು.

ಆಟದ ಕಥೆ ಸಣ್ಣದು. ಯುದ್ಧಕ್ಕೆ ಹೋದ ರಾಜ ಬರುವುದಿಲ್ಲ, ಅವನ ಕುದುರೆ ಮಾತ್ರ ಬರುತ್ತದೆ. ರಾಣಿ ಕುದುರೆಯನ್ನು ಕೇಳುತ್ತಾಳೆ:

ಜೀನಿನ ಬಿಸಿಯಿನ್ನು ಆರಿಲ್ಲ ಕುದುರೆಯೆ
ನನ್ನವನ ಎಲ್ಲಿಟ್ಟು ಬಂದೆ?

ಚಪ್ಪರದಲ್ಲಿ ಕುದುರೆ ಇರುತ್ತಿರಲಿಲ್ಲ. ರಂಗಪ್ಪ ನೋಡಿದ ಕಡೆ ಇರುತ್ತಿತ್ತು. ಎರಡನೇ ಸಾಲಿಗೆ ಅವರು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದರು. ಬೇಡುವ ಹಾಗಲ್ಲ, ಜೀನಿನ ಮೇಲಿಂದ ಒಬ್ಬ ದಣಿದ ಗಂಡಸನ್ನು ಇಳಿಸಿಕೊಳ್ಳುವ ಹಾಗೆ. ಇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ ಎಂದು ಆ ಕೈಗಳಿಗೆ ಗೊತ್ತಾಗಲು ಒಂದು ಗಳಿಗೆ ಹಿಡಿಯುತ್ತಿತ್ತು. ಆ ಗಳಿಗೆಯಲ್ಲಿ ನಮ್ಮ ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಹೆಂಗಸರು ಕಂಬಳಿಯೊಳಗೆ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಕಾನ್ವೆಂಟಿನವಳಲ್ಲವೇ, ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಿದ್ದೆ.

ಇನ್ನೊಂದು ಪದ್ಧತಿ ಹೇಳಿಬಿಡಬೇಕು. ಸ್ತ್ರೀಪಾರ್ಟಿನವರು ಬಣ್ಣ ಹಚ್ಚುವ ಮುಂಚೆ ಆಟ ಕಟ್ಟಿಸಿದ ಮನೆಯ ಸೊಸೆಯ ಹತ್ತಿರ ಬಂದು ಅವಳ ಒಂದು ರೇಷ್ಮೆ ಸೀರೆ ಇಸಕೊಳ್ಳಬೇಕು. ಸೊಸೆ ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟು ಕೊಡಬೇಕು. "ನಿಮ್ಮನೆ ಮಗಳು ಅಂತ ಕಳಿಸ್ಕೊಡಿ ಅಮ್ಮಾವ್ರೇ" ಎನ್ನುತ್ತಿದ್ದರು ರಂಗಪ್ಪ. "ಹೋಗಿ ಬಾ" ಎಂದು ನಾನು ಏಕವಚನದಲ್ಲೇ ಹೇಳಬೇಕಿತ್ತು. ಮೊದಲ ವರ್ಷ ನಾಲಿಗೆ ಹೊರಳಲಿಲ್ಲ. ಆಮೇಲೆ ಅಭ್ಯಾಸವಾಯಿತು. ವರ್ಷಕ್ಕೊಂದು ಸಲ ನನಗೊಬ್ಬ ಮಗಳು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಆ ವರ್ಷ ಆಟ ಮುಗಿದ ವಾರದಲ್ಲೇ ಬೆಂಗಳೂರಿನಿಂದ ಒಬ್ಬ ನಿರ್ದೇಶಕ ಬಂದ. ವಯಸ್ಸು ಮೂವತ್ತು ಆಗಿರಲಿಲ್ಲ, ಮೆಲುಮಾತು, ಸ್ವೆಟರಿನ ತೋಳು ಸದಾ ಅಂಗೈವರೆಗೆ ಎಳೆದುಕೊಂಡಿರುತ್ತಿದ್ದ. ಇಡೀ ಇರುಳಿನ ಆಟವನ್ನು ಒಂದು ಗಂಟೆಯ ಸಿನಿಮಾ ಮಾಡಿ ಟೀವಿಗೆ ಕೊಡುತ್ತೇನೆ ಎಂದ. ಮೊದಲು ಹಾಡುಗಳನ್ನೆಲ್ಲ ಧ್ವನಿಮುದ್ರಣ ಮಾಡಿಕೊಳ್ಳುವುದು, ಆಮೇಲೆ ಟೇಪು ಹಾಕಿ ಪಾತ್ರಧಾರಿಗಳು ಬಾಯಿ ಆಡಿಸುವುದು. ಹಾಡು ಒಂದು ಕಡೆ, ಮುಖ ಒಂದು ಕಡೆ. ನಮ್ಮ ಕಾಫಿ ಸ್ಟೋರಿನಲ್ಲಿ ಚೀಲಗಳನ್ನು ಗೋಡೆಯ ಹಾಗೆ ಪೇರಿಸಿ ನಡುವೆ ಮೈಕು ಇಟ್ಟ. ಕಾಫಿ ಚೀಲದಷ್ಟು ಚೆನ್ನಾಗಿ ಸದ್ದು ನುಂಗುವ ಗೋಡೆ ಬೆಂಗಳೂರಿನಲ್ಲೂ ಇಲ್ಲವಂತೆ. ನಮ್ಮ ಯಜಮಾನರು ಆ ಮಾತನ್ನು ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ.

ರಾಣಿಯ ಹಾಡು ಏಳು ನಿಮಿಷವಿತ್ತು. ಅದನ್ನು ಮೂರೂವರೆಗೆ ಇಳಿಸಬೇಕು ಎಂದ. ಭಾಗವತರು ತಾಳ ಕೆಳಗಿಟ್ಟು, "ಅಳೋಕ್ಕೂ ಗಡಿಯಾರ ಇಟ್ಬುಟ್ರಲ್ಲ ಮಾರಾಯ್ರೆ!" ಎಂದರು. ರಂಗಪ್ಪ ಮಾತ್ರ "ಆಯ್ತು ಬುಡಿ, ಅರ್ಧ ಅಳ್ತೀನಿ" ಎಂದು ಹಾಡಿಕೊಟ್ಟರು. ಟೇಪಿನಲ್ಲಿ ಅದನ್ನು ಕೇಳಿದಾಗ ನಿರ್ದೇಶಕನ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ. ಅವನು ಕೆಟ್ಟವನಲ್ಲ, ಅದನ್ನು ಹೇಳಲೇಬೇಕು.

ಮಾರನೇ ದಿನ ಅವನು ನಮ್ಮ ಜಗಲಿಗೆ ಬಂದ. ಯಜಮಾನರು ತೋಟದಲ್ಲಿದ್ದರು. ಮನೆಯೊಳಗೆ ಯಾರು ಯಾರಿದ್ದರೆಂದು ನಾನು ತಿರುಗಿ ನೋಡಲಿಲ್ಲ.

"ಮೇಡಂ, ಧ್ವನಿ ರಂಗಪ್ಪನವರದೇ ಇರಲಿ. ಅದನ್ನ ಮುಟ್ಟೋಕ್ಕಾಗಲ್ಲ. ಆದ್ರೆ ಕ್ಯಾಮೆರಾ ಹತ್ತಿರ ಹೋಗುತ್ತೆ. ಎಷ್ಟು ಶೇವ್ ಮಾಡಿದ್ರೂ ಗಲ್ಲದ ಹಸಿರು ಕಾಣುತ್ತೆ, ಗಂಟಲಿನ ಗಂಟು ಕಾಣುತ್ತೆ. ಟೀವಿ ಮುಂದೆ ಕೂತೋರು ನಕ್ಕುಬಿಟ್ರೆ ಆ ಹಾಡಿಗೆ ಅವಮಾನ. ಯಾರಾದರೂ ಹೆಂಗಸರು, ಒಂದು ವೇಳೆ ನೀವೇ..."

"ಹೂಂ" ಎಂದುಬಿಟ್ಟೆ.

ಅವನಿನ್ನೂ ಪೂರ್ತಿ ಕೇಳಿರಲೇ ಇಲ್ಲ. ಓದುವವರಾದ ನಿಮ್ಮ ಹತ್ತಿರ ಮುಚ್ಚಿಡುವುದೇನು, ಅವನು "ಕ್ಯಾಮೆರಾ ಹತ್ತಿರ" ಅಂದಾಗಲೇ ನನ್ನ ಕೈ ಕೂದಲು ಸರಿಮಾಡಿಕೊಂಡಿತ್ತು. ಮನೆಯಲ್ಲಿ ಮಾತ್ರ ಎಲ್ಲರಿಗೂ, "ಬಹಳ ಒತ್ತಾಯ ಮಾಡಿದರು, ಇಲ್ಲ ಅನ್ನೋಕ್ಕಾಗಲಿಲ್ಲ" ಎಂದೆ. ಯಜಮಾನರು "ನಿಂಗಿಷ್ಟ ಇದ್ರೆ ಮಾಡು, ಕುದುರೆ ಒದ್ರೆ ನನ್ನ ಕೇಳ್ಬೇಡ" ಎಂದು ನಕ್ಕರು. ಅತ್ತೆ ಹುರಳಿಕಾಳು ಆರಿಸುತ್ತಿದ್ದರು, ತಲೆಯೆತ್ತಲಿಲ್ಲ. "ರಂಗಪ್ಪ ಏನಂದ?" ಎಂದು ಕೇಳಿದರು. ಅಷ್ಟೇ ಕೇಳಿದರು. ರಂಗಪ್ಪನನ್ನು ಯಾರೂ ಕೇಳಿರಲಿಲ್ಲ.

ಹೇಳಿದ್ದು ನಿರ್ದೇಶಕನೇ, ಸ್ಟೋರಿನಲ್ಲಿ, ಎಲ್ಲರ ಎದುರಿಗೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮುಖವೀಣೆಯವರು ವಾದ್ಯವನ್ನು ಪಂಚೆಯಲ್ಲಿ ಒರೆಸುತ್ತಿದ್ದವರು ಒರೆಸುವುದನ್ನು ನಿಲ್ಲಿಸಿದರು. ಭಾಗವತರು ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು. ರಂಗಪ್ಪ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಿದ್ದರು. ಸುತ್ತಿ ಮುಗಿಸಿ, ಬಿಚ್ಚಿ, ಮತ್ತೆ ಸುತ್ತಿದರು.

"ಕುಪ್ಸ ನಂದೇ ಇರ್ಲಾ, ಬ್ಯಾರೆ ಹೊಲಿಯಾದಾ?" ಎಂದರು.

"ನಿಮ್ಮದೇ. ಆದ್ರೆ ಮೇಡಂ ಅಳತೆಗೆ."

"ಅಮ್ಮಾವ್ರ ಅಳ್ತೆ ನನ್ ಪುಸ್ತಕದಾಗೈತೆ. ಎದ್ ನಿಲ್ಲೋದೂ ಬ್ಯಾಡ."

ರಾಣಿಯ ಕುಪ್ಪಸ ಕೆಂಪು ಮಖಮಲ್ಲಿನದು. ರಂಗಪ್ಪ ತಮ್ಮ ಮೈಗೆ ತಾವೇ ಹೊಲಿದುಕೊಂಡದ್ದು, ತೋಳಿನ ಸುತ್ತ ಜರಿ. ಅವರು ಬೈದಿದ್ದರೆ, ಜಗಳ ಆಡಿದ್ದರೆ, ಮುನಿಸಿಕೊಂಡು ಎರಡು ದಿನ ಅಂಗಡಿ ಬಾಗಿಲು ಹಾಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕುಪ್ಪಸವನ್ನು ಪೇಪರಿನಲ್ಲಿ ಸುತ್ತಿಕೊಂಡು ಐದೂವರೆ ಬಸ್ಸಿಗೆ ಹೋದರು.

ಅದಾದ ಮೇಲೆ ಮೂರು ಸಂಜೆ ನನಗೆ ಕಲಿಸಲು ಬಂದರು. ಟೇಪಿನಲ್ಲಿ ಅವರ ದನಿ, ಎದುರಿಗೆ ಅವರು, ಬಾಯಿ ನಂದು. ಕಾನ್ವೆಂಟಿನ ಕಲಿಕೆಯಿದೆ, ಇದೇನು ಮಹಾ ಎಂದುಕೊಂಡಿದ್ದೆ. ಮೊದಲ ಸಂಜೆಯೇ ಗೊತ್ತಾಯಿತು.

"ತುಟಿ ಆಡ್ಸಿದ್ರೆ ಆಗಾಕಿಲ್ಲ ಅಮ್ಮಾವ್ರೇ. ಗಂಟ್ಲು ಆಡ್ಬೇಕು. ಸದ್ದು ಬರ್ದಂಗೆ ಹಾಡಿ."

"ಅದು ಹೇಗೆ ರಂಗಪ್ಪ?"

"ಮನ್ಯಾಗೆ ಎಲ್ಲಾರೂ ಮನಿಕ್ಕೊಂಡಾಗ ಅಳಾಕಿಲ್ವಾ, ಹಂಗೆ."

ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ. ತಾಳದ ಲೆಕ್ಕದ ಹಾಗೆ, ಹೊಲಿಗೆಯ ಲೆಕ್ಕದ ಹಾಗೆ ಹೇಳಿದರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎನ್ನುವುದಕ್ಕೆ ಬೆರಳೆತ್ತಿ ತೋರಿಸುತ್ತಿದ್ದರು. "ಕುದುರೆಯೆ" ಎಂದ ಮೇಲೆ ಅವರು ಉಸಿರು ತೆಗೆದುಕೊಳ್ಳುವುದಿಲ್ಲ, ತಡೆಯುತ್ತಾರೆ. ನನಗೆ ತಡೆಯಲಾಗುತ್ತಿರಲಿಲ್ಲ. ಪ್ರತಿ ಸಲವೂ ಅವರ ಬೆರಳೆದ್ದಾಗ ನನ್ನ ಎದೆ ಆಗಲೇ ಉಬ್ಬಿರುತ್ತಿತ್ತು. ಕೈಯ ಅಭ್ಯಾಸ ಮಾತ್ರ ಮಾಡಿಸಲಿಲ್ಲ. ಕೇಳಿದಾಗ "ಕುದ್ರೆ ಬರ್ಲಿ, ಆಗ ತಾನಾಗೇ ಏಳ್ತಾವೆ" ಎಂದರು.

ಚಿತ್ರೀಕರಣದ ದಿನ ಕುದುರೆ ಬಂತು. ಹಾಸನದಿಂದ ಟೆಂಪೋದಲ್ಲಿ ತಂದ ಜಟಕಾ ಕುದುರೆ. ಅದಕ್ಕೆ ಸುಳ್ಳು ಮುತ್ತಿನ ಹಣೆಪಟ್ಟಿ ಕಟ್ಟಿದ್ದರು. ಇಳಿದದ್ದೇ ನಮ್ಮ ಕೊಟ್ಟಿಗೆಯ ಹುಲ್ಲಿಗೆ ಬಾಯಿ ಹಾಕಿದ್ದು ಮಧ್ಯಾಹ್ನವಾದರೂ ತೆಗೆಯಲಿಲ್ಲ. ಸಂಜೆಯೊಳಗೆ ಅದನ್ನು ವಾಪಸು ಕಳಿಸಬೇಕಿತ್ತು. ಫಿಲ್ಮು ಎರಡೇ ಡಬ್ಬ ಉಳಿದಿತ್ತು. ಅದಕ್ಕಿಂತ ಹೆಚ್ಚಾಗಿ ನಮ್ಮ ಕಣಕ್ಕೆ ಒಂದು ಕಾಯಿಲೆ: ಮೂರೂವರೆ ಆಯಿತೆಂದರೆ ಪಶ್ಚಿಮದ ಗುಡ್ಡದ ನೆರಳು ಒಂದು ಮೂಲೆಯಿಂದ ಹರಿಯಲು ಶುರುಮಾಡುತ್ತದೆ. ನಾಲ್ಕೂಕಾಲಿಗೆ ಪೂರ್ತಿ ಕಣ ಕಪ್ಪು. ಕಾಫಿ ಹರಡಿದವರಿಗೆಲ್ಲ ಅದರ ನಡಿಗೆ ಬಾಯಿಪಾಠ.

ನಾನು ಹೊರಡುವಾಗ ರಂಗಪ್ಪ ಸ್ಟೋರಿನ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದರು. ಅರಿಶಿನ ಕುಂಕುಮ, ಬಳೆ, ಮಡಚಿದ ಕುಪ್ಪಸ. ನುಣ್ಣಗೆ ಶೇವ್ ಮಾಡಿದ್ದರು. ಆ ದಿನ ಅವರು ಶೇವ್ ಮಾಡುವ ಅಗತ್ಯವೇ ಇರಲಿಲ್ಲ ಎಂದು ನನಗೆ ಹೊಳೆದದ್ದು ಎರಡು ಹೆಜ್ಜೆ ಆದಮೇಲೆ.

"ಈ ಸಲ ನಾನ್ ಕಳ್ಸ್‌ಬೇಕಲ್ಲ," ಎಂದರು. "ಹೋಗಿ ಬನ್ನಿ."

ಬಾ ಎನ್ನಲಿಲ್ಲ. ಬನ್ನಿ ಎಂದರು. ನಾನು ಮೊರ ಇಸಕೊಂಡೆ.

ಕುಪ್ಪಸ ನನಗೆ ಅಂಟಿದ ಹಾಗೆ ಕೂತಿತು. ಮೊದಲ ಚಿತ್ರ ಬರೀ ಮುಖದ್ದು. ಟೇಪು ಹಾಕಿದರು. ಅವರ ದನಿ ಕಣದ ತುಂಬ ಹರಡಿತು, ನಾನು ಗಂಟಲು ಬಿಗಿಹಿಡಿದು ಸದ್ದು ಬರದ ಹಾಗೆ ಹಾಡಿದೆ. ನಿರ್ದೇಶಕ "ಚೆನ್ನಾಗಿ ಬಂತು ಮೇಡಂ!" ಎಂದ. ಕಣದ ಆಚೆ ಕೂತಿದ್ದ ನಮ್ಮ ಲೈನಿನ ಹೆಂಗಸರಲ್ಲಿ ಒಬ್ಬಳು ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಅಮ್ಮಾವ್ರು ಕುದ್ರೆಗೆ ಕಾಫಿ ಕುಡೀತೀಯಾ ಅಂತ ಕೇಳ್ದಂಗೈತೆ ಕಣೆ."

ಎರಡನೆಯದು ಕುದುರೆಯ ಜೊತೆ. ನೆರಳು ಆಗಲೇ ಮೂಲೆ ಬಿಟ್ಟು ಹೊರಟಿತ್ತು. ನಾಲ್ಕು ಜನ ಸೇರಿ ಕುದುರೆಯನ್ನು ಹುಲ್ಲಿನಿಂದ ಬಿಡಿಸಿ ತಂದರು. ಅದು ನಾನು ಅಂದುಕೊಂಡದ್ದಕ್ಕಿಂತ ಎತ್ತರವಿತ್ತು. ಜೀನು ನನ್ನ ಹಣೆಗಿಂತ ಮೇಲೆ. ಟೇಪು ಶುರುವಾಯಿತು. ಜೀನಿನ ಬಿಸಿಯಿನ್ನು ಆರಿಲ್ಲ ಕುದುರೆಯೆ. ನಾನು ಉಸಿರು ತಡೆದೆ. ಈ ಸಲ ತಡೆದೆ! ಆ ಖುಷಿಯಲ್ಲೇ ಎರಡೂ ಕೈಯನ್ನು ರಂಗಪ್ಪನ ಹಾಗೆ ಒಮ್ಮೆಲೇ ಮೇಲಕ್ಕೆ ಎತ್ತಿದೆ.

ಮಖಮಲ್ಲಿನ ಹೊಲಿಗೆ ಹರಿಯುವ ಸದ್ದು ನೀವು ಕೇಳಿರಲಿಕ್ಕಿಲ್ಲ. ಬಹಳ ದೊಡ್ಡ ಸದ್ದು. ಬಲಗಂಕುಳಿನಿಂದ ಸೊಂಟದ ಕಡೆಗೆ ಒಂದು ಗೇಣು ಬಿಚ್ಚಿಕೊಂಡಿತು. ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಿತು. ಟೇಪಿನಲ್ಲಿ ರಾಣಿ ತನ್ನ ಪಾಡಿಗೆ ತಾನು ಹಾಡುತ್ತಲೇ ಇದ್ದಳು. ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ನಾನು ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು ಸ್ಟೋರಿನೊಳಕ್ಕೆ ಓಡಿದೆ.

ಚೀಲಗಳ ಸಾಲಿನ ಹಿಂದೆ ನಿಂತು ಕುಪ್ಪಸ ಬಿಚ್ಚಿ, ಸೆರಗನ್ನು ಮೈತುಂಬ ಸುತ್ತಿಕೊಂಡು, ಅದನ್ನು ಚೀಲದ ಮೇಲಿಂದ ಆಚೆಗೆ ಚಾಚಿದೆ. ಆಚೆ ರಂಗಪ್ಪ ಸೂಜಿಗೆ ದಾರ ಪೋಣಿಸಿಕೊಂಡೇ ನಿಂತಿದ್ದರು. ಹೊರಗೆ ನಿರ್ದೇಶಕ, "ಎಷ್ಟು ಹೊತ್ತು? ನೆರಳು ಅರ್ಧ ಬಂತು!" ಎಂದು ಕೂಗುತ್ತಿದ್ದ.

"ರಂಗಪ್ಪ," ಎಂದೆ. "ನೀವು ಕೈ ಎತ್ತಿದಾಗ ಇಷ್ಟು ವರ್ಷ ಇದು ಹರೀಲಿಲ್ಲವಲ್ಲ."

"ನನ್ ಅಳ್ತೇಲಿ ಕಂಕುಳಿಗೆ ಒಂದ್ ಚೌಕದ ತುಂಡು ಸೇರ್ಸಿದ್ದೆ ಅಮ್ಮಾವ್ರೇ. ಕೈ ಮೇಲಕ್ ಹೋಗಾಕೆ. ನಿಮ್ಮದು ಮಾಡುವಾಗ ತೆಗ್ದೆ."

"ಯಾಕೆ ತೆಗೆದ್ರಿ?"

"ಪುಸ್ತಕದಾಗೆ ಇರೋ ಅಳ್ತೆಗೆ ಹೊಲ್ದೆ. ಹನ್ನೆರ್ಡ್ ವರ್ಸದಿಂದ ನಿಮ್ ರವಿಕೆ ಹೊಲೀತಿವ್ನಿ. ಒಂದೂ ಕಂಕುಳಾಗೆ ಸವೆದು ಬಂದಿಲ್ಲ. ನಿಮ್ ಕೈ ಅಷ್ಟ್ ಮೇಲಕ್ ಹೋಗಿದ್ದೇ ಇಲ್ಲ."

ಕಾಫಿ ಚೀಲಕ್ಕೆ ಹಣೆ ಒತ್ತಿ ನಿಂತೆ. ಸೆಣಬಿನ ವಾಸನೆ, ಒಣ ಕಾಫಿಯ ವಾಸನೆ. ಅವರು ಬೇಕೆಂದು ಮಾಡಿದರೋ, ಒಬ್ಬ ಟೈಲರು ಮಾಡುವ ಹಾಗೆ ಮಾಡಿದರೋ, ಆ ಕ್ಷಣದಲ್ಲಿ ನನಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ, ಅವರು ಹೇಳಿದ್ದು ನಿಜ.

"ಹತ್ ನಿಮ್ಸ ಕೊಡಿ, ಆ ತುಂಡು ಇಲ್ಲೇ ಐತೆ, ಸೇರ್ಸ್‌ಕೊಡ್ತೀನಿ," ಎಂದರು.

"ಸೇರಿಸಿ. ಆದರೆ ನನ್ನ ಅಳತೆಗೆ ಬೇಡ. ಹಳೇ ಅಳತೆಗೆ ಬಿಚ್ಚಿ."

ನಾನು ಚೀಲದ ಸಂದಿಯಿಂದ ನೋಡಿದೆ. ಅವರು ಬಟ್ಟೆಯನ್ನು ಕತ್ತರಿಸಿರಲೇ ಇಲ್ಲ. ಎರಡು ಪಕ್ಕವನ್ನೂ ಒಳಕ್ಕೆ ಮಡಚಿ ಸಡಿಲ ಹೊಲಿಗೆ ಹಾಕಿದ್ದರು, ಅಷ್ಟೇ. ಒಂದೊಂದೇ ದಾರದ ತುದಿ ಹಿಡಿದು ಎಳೆದರು. ಸರ್ರನೆ ಬಂತು. ಕುಪ್ಪಸ ಅವರ ಕೈಯಲ್ಲೇ ಅವರಷ್ಟು ಅಗಲವಾಯಿತು.

ನಾನು ಸೀರೆ ಬದಲಿಸಿ ಹೊರಗೆ ಬಂದು, ರಾಣಿ ರಂಗಪ್ಪನೇ ಆಗಲಿ ಎಂದು ನಿರ್ದೇಶಕನಿಗೆ ಹೇಳಿದೆ. ಅವನ ಮುಖ ಕೆಂಪಾಯಿತು. "ಕ್ಲೋಸ್‌ನಲ್ಲಿ ಅವರನ್ನ ತೋರಿಸೋಕ್ಕಾಗಲ್ಲ ಅಂತ ಹೇಳಿದ್ನಲ್ಲ ಮೇಡಂ!"

"ಹತ್ತಿರ ಹೋಗ್ಬೇಡಿ," ಎಂದೆ. "ನಾವೆಲ್ಲ ಕೂತು ನೋಡೋದು ಕಣದ ಆ ತುದೀಲಿ. ಅಲ್ಲಿಗೆ ತಗೊಂಡು ಹೋಗಿ ಕ್ಯಾಮೆರಾನ. ಅಲ್ಲಿಂದ ಅವರು ರಾಣಿ." ಅಷ್ಟು ಗಟ್ಟಿಯಾಗಿ ನಾನು ಆ ಕಣದಲ್ಲಿ ಅದುವರೆಗೂ ಮಾತಾಡಿರಲಿಲ್ಲ. ಯಜಮಾನರು ಬೀಡಿ ಹಚ್ಚುತ್ತಿದ್ದವರು ಕಡ್ಡಿ ಕೈಗೆ ತಾಗುವವರೆಗೂ ಹಿಡಿದುಕೊಂಡಿದ್ದರು. ನನ್ನ ಮಾತಿಗೆ ನಿರ್ದೇಶಕ ಒಪ್ಪಿದನೆಂದು ಜಂಬ ಕೊಚ್ಚಿಕೊಳ್ಳಲಾರೆ. ಅವನು ನೆರಳನ್ನು ನೋಡಿದ, ಗಡಿಯಾರ ನೋಡಿದ, ಬೇರೆ ದಾರಿ ಇರಲಿಲ್ಲ. ಮೂರು ಜನ ಕ್ಯಾಮೆರಾ ಎತ್ತಿಕೊಂಡು ಓಡಿದರು.

ರಂಗಪ್ಪ ಬಂದರು. ನನ್ನ ಸೀರೆ, ಅವರ ಕುಪ್ಪಸ. ಅರ್ಧ ಕಣ ಕಪ್ಪಾಗಿತ್ತು, ಅರ್ಧದಲ್ಲಿ ಹಳದಿ ಬಿಸಿಲು. ಅವರು ಬಿಸಿಲಲ್ಲಿ ನಿಂತರು, ನೆರಳು ನಾಲ್ಕು ಮಾರು ದೂರ. ಟೇಪು ಹಾಕಿದರು. ಬಾಯಿ ಆಡಿಸಿದರೆ ಸಾಕು ಎಂದು ಎಷ್ಟು ಹೇಳಿದ್ದರೂ ಅವರು ಗಂಟಲೆತ್ತಿ ಹಾಡಿಯೇಬಿಟ್ಟರು. ಟೇಪಿನ ದನಿಯ ಮೇಲೆ ಮೈಯ ದನಿ. ಬೆಳಗಿನಿಂದ ಯಾರನ್ನೂ ಲೆಕ್ಕಕ್ಕಿಡದ ಆ ಕುದುರೆ ಕಿವಿ ನೆಟ್ಟಗೆ ಮಾಡಿ ಅವರ ಕಡೆ ತಿರುಗಿತು. ಎಲ್ಲಿಟ್ಟು ಬಂದೆ. ಕೈಗಳು ಎದ್ದವು. ಬರಿದಾದ ಜೀನಿನ ಮೇಲೆ ಅಂಗೈಗಳು ನಿಂತವು, ಹುಡುಕಿದವು, ಒಂದು ಗಳಿಗೆ ಹಾಗೇ ಇದ್ದವು. ಕುದುರೆ ಕದಲಲಿಲ್ಲ. ನೆರಳು ಅವರ ಪಾದದವರೆಗೆ ಬಂತು. ನಿರ್ದೇಶಕ "ಕಟ್" ಎನ್ನಲು ಮರೆತಿದ್ದ. ಡಬ್ಬದ ಫಿಲ್ಮು ಮುಗಿದು ಕ್ಯಾಮೆರಾವೇ ತಾನಾಗಿ ನಿಂತಿತು.

ಸಿನಿಮಾ ಟೀವಿಯಲ್ಲಿ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ನಮ್ಮ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿರ್ದೇಶಕ ಎರಡನ್ನೂ ಉಳಿಸಿಕೊಂಡಿದ್ದ. ನನ್ನ ಮುಖದ ಆ ಹತ್ತು ಹನ್ನೆರಡು ಸೆಕೆಂಡು, ಆಮೇಲೆ ದೂರದಿಂದ ರಂಗಪ್ಪ, ಕುದುರೆ, ಎತ್ತಿದ ಕೈಗಳು. ದನಿ ಒಂದೇ. ನನ್ನ ಮುಖ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಆ ಕೈಗಳು ಬಂದಾಗ ಯಾರೂ ತಟ್ಟಲಿಲ್ಲ, ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನೆಲದ ಮೇಲೆ ಕೂತಿದ್ದ ರಂಗಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ, "ಅಲ್ಲಿ ಉಸ್ರು ಬ್ಯಾಗ ತಗಂಡ್ರಿ ಅಮ್ಮಾವ್ರೇ" ಎಂದರು.

ಕೊನೆಯಲ್ಲಿ ಹೆಸರುಗಳು ಬಂದವು. ಅವನ್ನು ಮೊದಲೇ ಬರೆಸಿಟ್ಟಿದ್ದರಂತೆ, ಬದಲಿಸಿರಲಿಲ್ಲ. ರಾಣಿ ಎಂಬುದರ ಎದುರು ನನ್ನ ಹೆಸರಿತ್ತು. ರಂಗಪ್ಪನ ಹೆಸರು ಎರಡು ಕಡೆ: ಹಾಡುಗಾರಿಕೆ, ಉಡುಪು. ಅವರು ಗಟ್ಟಿಯಾಗಿ ಓದಿ, "ಉಡುಪು, ರಂಗಪ್ಪ. ಅದೇನ್ ಸುಳ್ಳಾ?" ಎಂದು ಎದ್ದು, ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕಿದರು. ನಿರ್ದೇಶಕನಿಗೆ ನಾನು ಒಂದು ಕಾಗದ ಬರೆದೆ. ಇನ್ನೊಮ್ಮೆ ಪ್ರಸಾರವಾದರೆ ಸರಿಮಾಡಿಸುತ್ತೇನೆ ಎಂದು ಉತ್ತರ ಬಂತು. ಇನ್ನೊಮ್ಮೆ ಪ್ರಸಾರವಾಗಲಿಲ್ಲ.

ಹೋದ ವಾರ ಕಣ್ಣಿಗೆ ಹನಿ ಹಾಕಿಸಿಕೊಂಡು, ಕಪ್ಪು ಕನ್ನಡಕದಲ್ಲಿ ಬಸ್ಸು ಹತ್ತಿದವಳು ಮನೆಯವರೆಗೆ ಹೋಗಲಿಲ್ಲ. ಬಾಳ್ಳುಪೇಟೆಯಲ್ಲಿ ಇಳಿದುಬಿಟ್ಟೆ. ಆಟ ನಿಂತು ವರ್ಷಗಳಾದವು, ಭಾಗವತರೂ ಇಲ್ಲ. ರಂಗಪ್ಪನ ಅಂಗಡಿ ಮಾತ್ರ ಅಲ್ಲೇ ಇದೆ. ಮೆಷಿನ್ನಿಗೆ ಮೋಟಾರು ಬಂದಿದೆ, ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ. ಮೀಸೆಯನ್ನು ಈಗಲೂ ಬಿಟ್ಟಿಲ್ಲ.

"ಬನ್ನಿ ಅಮ್ಮಾವ್ರೇ, ಏನ್ ಸಿನ್ಮಾದೋರಂಗೆ ಕಪ್ ಕನ್ನಡ್ಕ! ರವ್ಕೆನಾ?"

"ರವಿಕೆಯಲ್ಲ. ಒಂದು ಮಾತು ಹೇಳ್ಬೇಕಿತ್ತು." ನಿಂತೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆ ಎಂದು. "ಅವತ್ತು ಅವರು ಬಹಳ ಒತ್ತಾಯ ಮಾಡಿದ್ರು ಅಂತ ಎಲ್ಲರಿಗೂ ಹೇಳಿದ್ದೆ. ಸುಳ್ಳು ರಂಗಪ್ಪ. ಕೇಳಿ ಮುಗಿಸೋಕ್ಕೂ ಮುಂಚೇನೇ ನಾನು ಹೂಂ ಅಂದಿದ್ದೆ. ನಿಮ್ಮನ್ನ ನೆನೆಸ್ಕೊಳ್ಳಲೂ ಇಲ್ಲ."

ಮೆಷಿನ್ನು ನಿಲ್ಲಲಿಲ್ಲ. ಹಿಡಿದ ಹೊಲಿಗೆಯನ್ನು ತುದಿಮುಟ್ಟ ಓಡಿಸಿ, ದಾರ ಕತ್ತರಿಸಿ, ಆಮೇಲೆ ಕಾಲು ತೆಗೆದರು.

"ಗೊತ್ತು ಬುಡಿ. ಆಟದ ಸೀರೆ ವಾಪಸ್ ಕೊಡಾಕೆ ಬಂದು ಅವತ್ತು ನಿಮ್ ಅಡ್ಗೆಮನೆ ಬಾಗ್ಲಾಗೇ ನಿಂತಿದ್ದೆ."

ಇಪ್ಪತ್ತು ವರ್ಷಕ್ಕೂ ಮೇಲೆ! ನಾನು ಕಪ್ಪು ಕನ್ನಡಕ ತೆಗೆದೆ. "ಮತ್ತೆ ಒಂದು ದಿನವೂ ಒಂದು ಮಾತು ಆಡ್ಲಿಲ್ಲವಲ್ಲ?"

"ಏನಂತ ಆಡ್ಲಿ? ನನ್ಕಿಂತ ಮುಂಚೆ ಆ ಪಾರ್ಟು ಬ್ಯಾರೆಯೋರು ಮಾಡೋರು. ಹಿರೀಕ್ರು. ನಂಗೆ ಸೀರೆ ಉಡಾದು ಹೇಳ್ಕೊಟ್ಟೋರೇ ಅವ್ರು. ಮುಂದಿನ ಹಲ್ಲು ಬಿದ್ದೋದ್ವು. ಭಾಗವತ್ರು ನನ್ನ ಕರ್ದು, 'ರಾಣಿ ಆಯ್ತೀಯೇನ್ಲಾ' ಅಂದ್ರು. ಅವ್ರು ಪಕ್ಕದಾಗೇ ಕುಂತಿದ್ರು. ನಾ ಅವ್ರ ಮೊಕ ತಿರುಗೂ ನೋಡ್ದೆ ಹೂಂ ಅಂದ್ಬುಟ್ಟೆ." ರಂಗಪ್ಪ ನಕ್ಕರು. "ರಾಣಿ ಆಗು ಅಂದ್ರೆ ಯಾರ್ ತಾನೇ ಬ್ಯಾಡ ಅಂದಾರು ಅಮ್ಮಾವ್ರೇ?"

"ಆಮೇಲೆ ಅವರಿಗೆ ಹೇಳಿದ್ರಾ?"

ಅವರು ಮೇಜಿನ ಮೇಲಿನ ದಾರದ ಚೂರುಗಳನ್ನು ಒಂದೊಂದಾಗಿ ಅಂಗೈಗೆ ಬಳಿದುಕೊಂಡರು.

"ಇವತ್ ಹೇಳಾನ, ನಾಳೆ ಹೇಳಾನ ಅಂತಿದ್ದೆ. ಹೋಗ್ಬುಟ್ರು." ಸ್ಟೂಲನ್ನು ನನ್ನ ಕಡೆ ತಳ್ಳಿದರು. "ನೀವು ಬಂದು ಹೇಳುದ್ರಲ್ಲ. ಕುಂತ್ಕಳಿ."

ಹೊರಗೆ ನಮ್ಮ ತೋಟದ ಕಡೆಯ ಬಸ್ಸು ಬಂದು ನಿಂತು, ಹಾರನ್ ಮಾಡಿ, ಹೋಯಿತು. ನಾನು ಕೂತೆ.